ಗಾಜಿನ ಬಾಗಿಲಾಚೆ ಒಂದು ಜೊತೆ ಶೂ

ಭಾನುವಾರದ ಬೆಳಗ್ಗೆ ಎಲ್ಲರ ಮನೆಯಲ್ಲೂ ವಾರದ ಬಟ್ಟೆ ಒಗೆಯುವ ಹೊತ್ತು. ಅವಳಿಗೆ ಮಾತ್ರ ಜೀವಕೋಶಗಳಿಗೆ ಉಣಿಸುವ ಹೊತ್ತು.

ಪ್ರಯೋಗಶಾಲೆಯಲ್ಲಿ ಅವಳ ಕೆಲಸವೇ ಅದು. ಬೆಚ್ಚನೆಯ ಕಪಾಟಿನಿಂದ ಗಾಜಿನ ತಟ್ಟೆಗಳನ್ನು ಒಂದೊಂದಾಗಿ ಹೊರತೆಗೆಯಬೇಕು. ಮುಚ್ಚಳ ಸರಿಸಿ ಹಳೆಯ ದ್ರವ ಹೀರಿ ಹಾಕಬೇಕು. ಹೊಸದಾಗಿ ಗುಲಾಬಿ ಬಣ್ಣದ ಪೋಷಕ ದ್ರವ ಎರೆದು, ಮತ್ತೆ ಮುಚ್ಚಿ ಮಲಗಿಸಬೇಕು. ಬಹಳ ವರ್ಷಗಳ ಹಿಂದೆ ಒಂದು ಇಲಿಯ ಯಕೃತ್ತಿನಿಂದ ತೆಗೆದ ಸಣ್ಣ ಚೂರಿನ ಸಂತಾನ ಅವು. ಇಲಿ ಯಾವತ್ತೋ ಹೋಯಿತು. ಅದರ ಕೋಶಗಳು ಗಾಜಿನೊಳಗೆ ಇಂದಿಗೂ ಬೆಳೆಯುತ್ತಲೇ ಇವೆ.

ಅವಕ್ಕೆ ಭಾನುವಾರ ಗೊತ್ತಿಲ್ಲ. ಹಸಿವು ಮಾತ್ರ ಗೊತ್ತು. ಮಕ್ಕಳ ಹಾಗೆಯೇ!

ಗಾಜಿನ ಗೋಡೆಯಾಚೆ, ಹಜಾರದ ಬೆಂಚಿನ ಮೇಲೆ ಅವಳ ಏಳು ವರ್ಷದ ಮಗಳು ಕಾಲು ಅಲ್ಲಾಡಿಸುತ್ತ ಚಿತ್ರ ಬರೆಯುತ್ತಿದ್ದಳು. ರಜೆಯ ಉಳಿದ ದಿನ ಬೇಸಿಗೆ ಶಿಬಿರವಿರುತ್ತಿತ್ತು, ಭಾನುವಾರ ಮಾತ್ರ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಹಾಗಾಗಿ ಪ್ರತಿ ಭಾನುವಾರ ಆ ಬೆಂಚು ಗುಬ್ಬಿಯದೇ. ಗುಬ್ಬಿ ಎಂದು ಕರೆದದ್ದು ಗಾಜು ತೊಳೆಯುವ ಅಕ್ಕ. ಹೆಸರು ಹಾಗೇ ಅಂಟಿಕೊಂಡಿತು.

ಅವಳು ಆರನೇ ತಟ್ಟೆಯ ಮುಚ್ಚಳ ಎತ್ತಿದ್ದಳಷ್ಟೆ...

ಬಾಗಿಲು ಧಡಾರನೆ ತೆರೆಯಿತು.

ಕೈಯಲ್ಲಿ ಕಡತ ಹಿಡಿದ ಎತ್ತರದ ಗಂಡಸೊಬ್ಬ ಒಳಗೆ ನಿಂತಿದ್ದ. ಕಾಲಲ್ಲಿ ಬೀದಿಯ ಧೂಳೆಲ್ಲ ಹೊತ್ತ ಶೂ!

"ಮೇಡಂ, ನಾನು..."

"ಹೊರಗೆ!"

"ಒಂದು ನಿಮಿಷ, ನಾನು ಕಾರ್ಖಾನೆಯಿಂದ..."

"ನೀವು ಚಂದ್ರಲೋಕದಿಂದ ಬಂದ್ರೂ ಅಷ್ಟೇ! ಶೂ ಹಾಕ್ಕೊಂಡು ಈ ಕೋಣೆಗೆ ಕಾಲಿಡೋ ಹಾಗಿಲ್ಲ. ಬಾಗಿಲ ಮೇಲೆ ಅಷ್ಟು ದಪ್ಪಕ್ಕೆ ಬರೆದಿದೆ, ಕಣ್ಣು ಮನೇಲಿ ಬಿಟ್ಟು ಬಂದ್ರಾ?"

ಮುಖಕವಚದ ಮೇಲೆ ಅವಳ ಕಣ್ಣುಗಳಷ್ಟೇ ಕಾಣುತ್ತಿದ್ದವು. ಎರಡೂ ಕೆಂಡದ ಹಾಗೆ ಉರಿಯುತ್ತಿದ್ದವು. ಅವನು ಒಂದು ಕ್ಷಣ ಆ ಕಣ್ಣುಗಳನ್ನೇ ನೋಡಿದ. ನಂತರ ಹಿಂದಕ್ಕೆ ಹೆಜ್ಜೆ ಇಟ್ಟು, ಬಾಗಿಲ ಹಿಡಿಗೆ ಮೊಣಕೈ ಬಡಿಸಿಕೊಂಡು ಹೊರಗೆ ಬಿದ್ದ.

ಬೆಂಚಿನ ಮೇಲೆ ಗುಬ್ಬಿ ಕಿಸಕ್ಕನೆ ನಕ್ಕಳು.

ಆರನೇ ತಟ್ಟೆಯನ್ನು ಎಸೆಯಲೇಬೇಕಾಯಿತು. ಮೂರು ವಾರ ಸಾಕಿದ ತಟ್ಟೆ! ಅವಳು ಹೊರಗೆ ಬಂದಾಗ ಅವನು ಶೂ ಬಿಚ್ಚಿ, ಗಾಬರಿಯಲ್ಲಿ ಕಾಲುಚೀಲವನ್ನೂ ಬಿಚ್ಚಿ, ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದ.

ಗುಬ್ಬಿ ಅಮ್ಮನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಪಿಸುಗುಟ್ಟಿದಳು.

"ಏನಂತೆ?" ಎಂದ ಅವನು.

"ಕಾಲಿಗೆ ಚಳಿ ಆಗಲ್ವಾ ಅಂತ ಕೇಳ್ತಿದಾಳೆ."

"ಆಗ್ತಿದೆ ಪುಟ್ಟಾ. ಆದ್ರೆ ನಿಮ್ಮಮ್ಮನ ಮುಂದೆ ಆಗೋ ನಡುಕಕ್ಕಿಂತ ಕಮ್ಮಿ."

ಗುಬ್ಬಿ ಯಾರನ್ನೂ ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಅಪ್ಪ ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೇಳಿದ್ದಳು: "ಅಪ್ಪಾ, ಯಾವಾಗ ಬರ್ತೀಯಾ?" ಉತ್ತರ ಬರಲಿಲ್ಲ. ಅಪ್ಪನೂ ಬರಲಿಲ್ಲ. ಅಂದಿನಿಂದ ಅವಳ ಪ್ರಶ್ನೆಗಳೆಲ್ಲ ಅಮ್ಮನ ಕಿವಿಗೆ ಮಾತ್ರ.

ಅವನು ಕಡತದಿಂದ ಪತ್ರ ತೆಗೆದು ಕೊಟ್ಟ. ಅವಳು ನಿಂತಲ್ಲೇ ಓದಿದಳು. ಓದುತ್ತಾ ಓದುತ್ತಾ ಕಿವಿಯ ತುದಿಯವರೆಗೂ ಕೆಂಪಾದಳು.

ಪತ್ರ ಅವಳು ಪರೀಕ್ಷಿಸಿದ್ದ ನೀರಿನ ಬಾಟಲಿಯ ಕುರಿತು. ಬಗ್ಗಿಸಿದರೆ ಬಗ್ಗುವ, ಬಿದ್ದರೆ ಒಡೆಯದ ಬಾಟಲಿ ಅದು. ಪ್ಲಾಸ್ಟಿಕ್ ಮೆತ್ತಗಾಗಲೆಂದು ಕಾರ್ಖಾನೆಯವರು ಅದರಲ್ಲಿ ಒಂದು ಹೊಸ ಎಣ್ಣೆ ಬೆರೆಸುತ್ತಿದ್ದರು. ಶಾಲೆ ಶುರುವಾಗುವ ದಿನ ಊರಿನ ಪ್ರತಿ ಮಗುವಿನ ಕೈಗೂ ಒಂದೊಂದು ಬಾಟಲಿ ಹೋಗಬೇಕು. ಗುಬ್ಬಿಯ ಕೈಗೂ. ಅದಕ್ಕೆ ಮೊದಲು ಸುರಕ್ಷತೆಯ ಪರೀಕ್ಷೆ ನಡೆಸಬೇಕಾದವಳು ಇವಳು.

ಬಾಟಲಿಯನ್ನು ಕತ್ತರಿಸಿ, ಚೂರುಗಳನ್ನು ಗಾಜಿನ ಲೋಟದೊಳಗೆ ಪೋಷಕ ದ್ರವದಲ್ಲಿ ಎರಡು ದಿನ ಬೆಚ್ಚಗೆ ನೆನೆಸಿ, ಆ ದ್ರವವನ್ನು ಕೋಶಗಳಿಗೆ ಕುಡಿಸಿದ್ದಳು. ಕೊನೆಗೆ ನೀಲಿ ಬಣ್ಣದ ಹನಿ ಹಾಕಿದ್ದಳು. ಬದುಕಿರುವ ಕೋಶ ನೀಲಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸತ್ತದ್ದು ಹೀರಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಡಿ ಅರ್ಧಕ್ಕಿಂತ ಹೆಚ್ಚು ಕೋಶಗಳು ನೀಲಿಯಾಗಿದ್ದವು. ಅವಳು ಅದನ್ನೇ ಬರೆದು ಕಳಿಸಿದ್ದಳು.

"ಪರೀಕ್ಷೆ ದೋಷಪೂರಿತ... ಗಾಜನ್ನು ಕೈಯಲ್ಲಿ ತೊಳೆದಿರುವುದರಿಂದ ಸಾಬೂನಿನ ಶೇಷ ಉಳಿದಿರಬಹುದು... ನಮ್ಮ ವಿಧಾನದಂತೆ, ನಮ್ಮ ವೀಕ್ಷಕರ ಎದುರಿನಲ್ಲಿ ಮರುಪರೀಕ್ಷೆ..." ಪತ್ರದ ಸಾಲುಗಳನ್ನು ಗಟ್ಟಿಯಾಗಿ ಓದಿ ಅವಳು ತಲೆ ಎತ್ತಿದಳು. "ನಮ್ಮ ಅಕ್ಕ ತೊಳೆದ ಗಾಜಿನಲ್ಲಿ ಸಾಬೂನಾ? ಇದನ್ನ ಬರೆದ ಮಹಾನುಭಾವರು ಯಾರು?"

"ಆ ವಿಧಾನ ಬರೆದಿದ್ದು... ನಾನೇ."

"ಓಹೋ!"

"ನಾಳೆಯಿಂದ ಹತ್ತು ದಿನ ಬರ್ತೀನಿ, ಮೇಡಂ."

"ಬನ್ನಿ. ಶೂ ಮಾತ್ರ ಆಚೆ."

* * *

ಹತ್ತು ದಿನವೂ ಶೂ ಬಾಗಿಲಾಚೆಯೇ ಇತ್ತು. ಗಾಜು ತೊಳೆಯುವ ಅಕ್ಕ ಅವನಿಗೆ 'ಶೂ ಸಾಹೇಬರು' ಎಂದೇ ಹೆಸರಿಟ್ಟಳು.

ಅವನು ತಂದದ್ದು ಕಾರ್ಖಾನೆಯ ಮೊಹರಿದ್ದ ಪ್ಲಾಸ್ಟಿಕ್ ನಳಿಕೆಗಳ ಪೆಟ್ಟಿಗೆ. ಒಂದೊಂದೂ ಹೊಸದು, ಶುದ್ಧ. ಚೂರುಗಳನ್ನು ನೆನೆಸುವುದು ಈ ಸಲ ಅವುಗಳಲ್ಲಿ.

"ಹಲ್ಲುಜ್ಜೋ ಬ್ರಷ್‌ನೂ ಕಾರ್ಖಾನೆಯಿಂದಲೇ ತರ್ತೀರಾ, ಇಲ್ಲ ಅದಕ್ಕೆ ನಮ್ಮೇಲೆ ನಂಬಿಕೆ ಇದೆಯಾ?" ಎಂದಳು ಅಕ್ಕ.

"ಅಕ್ಕ, ನಿಮ್ಮೇಲೆ ಅನುಮಾನ ಇಲ್ಲ. ನಿಯಮ ಅಷ್ಟೇ."

"ನಿಯಮ ಬರೆಯೋರಿಗೆ ಒಂದು ದಿನ ಪಾತ್ರೆ ತೊಳೆಯೋಕೆ ಹಾಕ್ಬೇಕು."

ಅವನು ನಕ್ಕುಬಿಟ್ಟ. ಅಷ್ಟೇ ಅಲ್ಲ, ಆ ಸಂಜೆ ತೋಳು ಮಡಚಿ ನಿಜಕ್ಕೂ ತೊಳೆಯಲು ನಿಂತ! ಎರಡು ಲೋಟ ಒಡೆದ. ಅಕ್ಕ ಅವನನ್ನು ಅಲ್ಲಿಂದ ಓಡಿಸಿದಳು. ಕಪಾಟಿನ ಮರೆಯಲ್ಲಿ ನಿಂತಿದ್ದ ಗುಬ್ಬಿಯ ಅಮ್ಮನಿಗೆ ತನ್ನ ಬಾಯಿ ತಾನೇ ನಗುತ್ತಿರುವುದು ಗೊತ್ತಾಗಿ ಸಿಟ್ಟು ಬಂತು.

'ಇವನು ಕಾರ್ಖಾನೆಯವನು. ನೆನಪಿರಲಿ...'

ಆದರೂ ಬೆಳಿಗ್ಗೆ ಬಂದ ಕೂಡಲೇ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಬಾಗಿಲ ಬುಡಕ್ಕೆ. ಶೂ ಬಂದಿದೆಯೇ ಎಂದು.

ಅವನು ಕೆಲಸ ನೋಡುವ ರೀತಿಯೂ ಬೇರೆ. ಉಸಿರು ಬಿಗಿಹಿಡಿದು ಅವಳ ಬೆರಳುಗಳನ್ನು ನೋಡುತ್ತಿದ್ದ, ನಂತರ ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ. ಒಮ್ಮೆ ಕೇಳಿಯೇಬಿಟ್ಟ:

"ನಿಮ್ಮ ಕೈ ಯಾವತ್ತೂ ನಡುಗಲ್ವಾ?"

"ನಡುಗೋಕೆ ಪುರುಸೊತ್ತಿಲ್ಲ."

ಏಳನೇ ದಿನ ಮತ್ತೆ ಭಾನುವಾರ. ಗುಬ್ಬಿ ಬೆಂಚಿನ ಮೇಲಿದ್ದಳು. ಅವನು ಪಕ್ಕದಲ್ಲಿ ಕೂತು ಅವಳ ಚಿತ್ರದ ಬೆಕ್ಕಿಗೆ ಮೀಸೆ ಬರೆದುಕೊಟ್ಟ. ಅದು ಬೆಕ್ಕಿನ ಮೀಸೆಯಾಗದೆ ಪೊಲೀಸನ ಮೀಸೆಯಾಯಿತು. ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬಾಗಿಲ ಬಳಿಯ ಶೂಗಳನ್ನು ಬಹಳ ಹೊತ್ತು ನೋಡಿ, ಅಮ್ಮ ಹೊರಗೆ ಬಂದ ಕೂಡಲೇ ಕಿವಿಗೆ ಬಾಯಿ ಹಚ್ಚಿದಳು.

ಅಮ್ಮನ ಮುಖ ಕೆಂಪೇರಿತು.

"ಏನಂತೆ?" ಎಂದ ಅವನು.

"ಏನಿಲ್ಲ!"

"ಪ್ರಶ್ನೆ ನನಗೆ ತಾನೇ?"

"ಅದನ್ನೆಲ್ಲ ಕೇಳಬಾರದು, ಗುಬ್ಬಿ. ನಡಿ ಮನೆಗೆ."

ದಾರಿಯುದ್ದಕ್ಕೂ ಗುಬ್ಬಿ ಮುಖ ಊದಿಸಿಕೊಂಡೇ ಇದ್ದಳು. ಅಮ್ಮನ ಎದೆ ಮಾತ್ರ ಯಾಕೋ ತಾಳ ತಪ್ಪಿ ಹೊಡೆದುಕೊಳ್ಳುತ್ತಿತ್ತು.

* * *

ಹತ್ತನೇ ದಿನ ನೀಲಿ ಹನಿ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ನೀಲಿಯೇ ಇಲ್ಲ! ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲ ಕೋಶಗಳೂ ಬೆಳ್ಳಗೆ, ದುಂಡಗೆ, ನೆಮ್ಮದಿಯಾಗಿದ್ದವು.

ಇನ್ನೊಂದು ತಟ್ಟೆ... ಅದೂ ಹಾಗೆಯೇ. ಮತ್ತೊಂದು... ಅದೂ.

ಸಾಕಿದ ಜೀವ ಬದುಕಿದೆ ಎಂದು ಸಂತೋಷಪಡಬೇಕೋ, ತನ್ನ ಮಾತು ಸುಳ್ಳಾಯಿತೆಂದು ಅಳಬೇಕೋ? ಅವಳು ಕುರ್ಚಿಗೆ ಕುಸಿದಳು.

ಎರಡು ದಿನಕ್ಕೆ ಕಾರ್ಖಾನೆಯ ಎರಡನೇ ಪತ್ರ ಬಂತು. ಪ್ರಯೋಗಶಾಲೆಯ ನಿರ್ದೇಶಕರು ಅದನ್ನು ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದರು.

"ಓದಮ್ಮ. ಸುಮ್ಮನೆ ಒಂದು ಕ್ಷಮಾಪಣೆ ಬರೆದುಕೊಟ್ಟುಬಿಡು. ದೊಡ್ಡವರ ಜೊತೆ ನಮಗೆ ಯಾಕೆ ಜಗಳ?"

ಅವಳು ಓದಿದಳು. 'ಮೊದಲ ವರದಿಯ ತಪ್ಪಿಗೆ ಕಾರಣ ಸ್ಪಷ್ಟವಾಗಿದೆ. ನಮ್ಮ ವೀಕ್ಷಕರು ದಾಖಲಿಸಿರುವಂತೆ, ಪರೀಕ್ಷಕಿಯು ತಮ್ಮ ಮಗುವನ್ನು ಪ್ರಯೋಗಶಾಲೆಗೆ ಕರೆತರುತ್ತಾರೆ. ಒಂಟಿ ತಾಯಿಯ ಗಮನ ಕೆಲಸದ ಮೇಲೆ ಇರುವುದು ಕಷ್ಟವೆಂದು ನಾವು ಬಲ್ಲೆವು...'

ಅಕ್ಷರಗಳು ಕಣ್ಣೆದುರು ಕುಣಿದವು.

ಒಂಟಿ ತಾಯಿ! ಅವಳ ಕೈಯ ಲೆಕ್ಕ ತಪ್ಪಿದೆ ಎಂದಿದ್ದರೆ ಸಹಿಸುತ್ತಿದ್ದಳು. ಲೆಕ್ಕ ಮತ್ತೆ ಮಾಡಬಹುದು. ಆದರೆ ಬೆಂಚಿನ ಮೇಲೆ ತೆಪ್ಪಗೆ ಕೂತು ಬೆಕ್ಕು ಬರೆಯುವ ಮಗುವನ್ನು ಪತ್ರದೊಳಗೆ ಎಳೆದು ತಂದಿದ್ದಾರಲ್ಲ! ಜ್ವರ ಬಂದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಈ ಕೋಶಗಳಿಗೆ ಉಣಿಸಿದವಳು ಅವಳು. ಯಾವ ಗಂಡಸಿನ ವರದಿಯ ಬಗ್ಗೆಯಾದರೂ 'ಅವರು ಅಪ್ಪ, ಗಮನ ಇರುವುದು ಕಷ್ಟ' ಎಂದು ಯಾರಾದರೂ ಬರೆದದ್ದುಂಟೇ?

ಅವನು ಹಜಾರದಲ್ಲಿ ಎದುರಾದ. ಉಳಿದ ಸಾಮಾನು ಒಯ್ಯಲು ಬಂದಿದ್ದ.

"ಮೇಡಂ, ಯಾಕೆ..."

"ಬೆಕ್ಕಿಗೆ ಮೀಸೆ ಬರೆದುಕೊಟ್ರಲ್ಲ, ಆಗಲೇ ಮನಸ್ಸಿನಲ್ಲಿ ಇದನ್ನೂ ಬರ್ಕೊಳ್ತಾ ಇದ್ರಾ?" ಪತ್ರ ಅವನ ಎದೆಗೆ ಬಡಿದು ಕೆಳಗೆ ಬಿತ್ತು. "ನನ್ನ ಮಗಳ ಪಕ್ಕ ಕೂತು, ಅವಳನ್ನ ನಗಿಸಿ, ಅವಳನ್ನೇ ನನ್ನ ಮೇಲೆ ಕಲ್ಲು ಮಾಡಿ ಎಸೆದ್ರಲ್ಲಾ... ನಾಚಿಕೆ ಆಗಲ್ವಾ ನಿಮಗೆ!"

ಅವನು ಬಗ್ಗಿ ಪತ್ರ ಎತ್ತಿಕೊಂಡು ಓದಿದ. ಮುಖದ ಬಣ್ಣ ಇಳಿಯಿತು.

"ನಾನು ಹೀಗೆ ಬರೆದಿಲ್ಲ. ನನ್ನ ಮಾತು ಒಂದು ಸಲ..."

"ಸಾಕು! ಹೊರಗೆ!"

ಮೊದಲ ದಿನ ಅದೇ ಮಾತು ಅವನ ಶೂಗೆ ಹೇಳಿದ್ದಳು. ಇಂದು ಅವನಿಗೇ ಹೇಳಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ, ಎಂದೂ ನಡುಗದ ಕೈಗಳು ನಡುಗಿದವು.

* * *

ಅವನು ಹೊರಡಲಿಲ್ಲ. ಎಲ್ಲಿಗೆ ಹೋಗುವುದೋ ತಿಳಿಯದೆ ತೊಳೆಯುವ ಕೋಣೆಯ ಹೊಸ್ತಿಲಲ್ಲಿ ಕೂತ. ಅಕ್ಕ ಅವನನ್ನು ಕಂಡೂ ಕಾಣದ ಹಾಗೆ ನಳಿಕೆ ತಿಕ್ಕುತ್ತಿದ್ದಳು. ಎಸೆಯಬೇಕಿದ್ದ ನಳಿಕೆಗಳು ಅವು. ಹೊಸ ವಸ್ತುವನ್ನು ಒಂದೇ ಬಳಕೆಗೆ ಎಸೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ.

"ನಿಮ್ಮ ಕಾರ್ಖಾನೆ ಹಾಗೇನೇ ನಿಮ್ಮ ನಳಿಕೆನೂ," ಎಂದಳು ಕೊನೆಗೆ. "ಐದು ಸಲ ತೊಳೆದೆ. ಆ ಬಾಟಲಿ ವಾಸನೆ ಬಿಡ್ತಾನೇ ಇಲ್ಲ. ಗಾಜಾದ್ರೆ ಒಂದೇ ತೊಳೆತಕ್ಕೆ ಬಿಟ್ಟುಕೊಡುತ್ತೆ."

ಅವನು ತಲೆ ಎತ್ತಿದ.

"ಏನಂದ್ರಿ?"

"ಮೂಸಿ ನೋಡಿ ಬೇಕಾದ್ರೆ!"

ಮೂಸಿದ. ಬಾಟಲಿಯ ಚೂರಿಲ್ಲ, ದ್ರವವಿಲ್ಲ. ಆದರೆ ಆ ಎಣ್ಣೆಯ ವಾಸನೆ ಇದೆ! ಅಂದರೆ ಎಣ್ಣೆ ನಳಿಕೆಯ ಗೋಡೆಯೊಳಗೇ ಸೇರಿಕೊಂಡಿದೆ. ಬಾಟಲಿಯ ಪ್ಲಾಸ್ಟಿಕ್ ಬಿಟ್ಟದ್ದನ್ನು ನಳಿಕೆಯ ಪ್ಲಾಸ್ಟಿಕ್ಕೇ ಕುಡಿದಿದೆ. ಕೋಶಗಳ ಬಾಯಿಗೆ ವಿಷ ತಲುಪೇ ಇಲ್ಲ!

ಸಾಬೂನಿಗೆ ಹೆದರಿ ಗಾಜು ಬೇಡವೆಂದು ನಿಯಮ ಬರೆದವನು ಅವನೇ. ಪ್ರಾಮಾಣಿಕವಾಗಿಯೇ ಬರೆದಿದ್ದ. ಆ ಪ್ರಾಮಾಣಿಕ ನಿಯಮವೇ ಎಲ್ಲವನ್ನೂ ಮುಚ್ಚಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಅವಳು ಬಂದಾಗ ಬಾಗಿಲ ಬುಡದಲ್ಲಿ ಶೂ ಇತ್ತು. ಪಕ್ಕದಲ್ಲಿ ಅವನು, ಬರಿಗಾಲಲ್ಲಿ.

"ಒಳಗೆ ಬರಲ್ಲ," ಎಂದ ಅವನು. "ಇಲ್ಲೇ ನಿಂತು ಹೇಳ್ತೀನಿ. ತಪ್ಪು ನಿಮ್ಮ ಕೈಯದ್ದಲ್ಲ. ನನ್ನ ನಳಿಕೆಯದ್ದು."

ಅವಳು ಕೇಳಿಸಿಕೊಂಡಳು. ಮುಖ ಸಡಿಲಿಸಲಿಲ್ಲ.

"ಪರೀಕ್ಷೆ ಮಾಡ್ತೀನಿ. ಅರ್ಧ ಚೂರು ಗಾಜಿನಲ್ಲಿ, ಅರ್ಧ ನಿಮ್ಮ ನಳಿಕೆಯಲ್ಲಿ. ಒಟ್ಟಿಗೇ. ನಿಮಗೋಸ್ಕರ ಅಲ್ಲ, ಮಕ್ಕಳಿಗೋಸ್ಕರ."

"ಗೊತ್ತು."

"ಇನ್ನೇನಾದ್ರೂ ಇದೆಯಾ?"

ಅವನು ಟಿಪ್ಪಣಿ ಪುಸ್ತಕ ಮುಂದೆ ಹಿಡಿದ. ಏಳನೇ ದಿನದ ಹಾಳೆ. ಅವಳು ಓದಬಾರದು ಅಂದುಕೊಂಡೇ ಓದಿದಳು.

'ಭಾನುವಾರ ಪರೀಕ್ಷಕಿಯು ಮಗಳನ್ನು ಕರೆತರುತ್ತಾರೆ. ಮಗು ಗಾಜಿನಾಚೆ ಬೆಂಚಿನ ಮೇಲಿರುತ್ತದೆ, ಒಳಗೆ ಕಾಲಿಡುವುದಿಲ್ಲ. ಪರೀಕ್ಷಕಿಯ ಗಮನ ಒಂದು ಹನಿಯಷ್ಟೂ ಚದುರಿದ್ದು ನಾನು ಕಂಡಿಲ್ಲ. ಇಷ್ಟು ಸ್ಥಿರವಾದ ಕೈಗಳನ್ನು ನನ್ನ ಹನ್ನೆರಡು ವರ್ಷದ ಕೆಲಸದಲ್ಲಿ ನೋಡಿಲ್ಲ.'

ಕಾರ್ಖಾನೆಯವರು ಮೊದಲ ವಾಕ್ಯ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕತ್ತರಿಸಿ ಎಸೆದಿದ್ದರು.

ಅವಳು ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಹೀಗೆ ಬರೆದವನ ಎದೆಗೇ ಪತ್ರ ಎಸೆದೆನಲ್ಲ!

"ನಿನ್ನೆ... ನಾನು ನಿಮ್ಮ ಮಾತು ಕೇಳಬೇಕಿತ್ತು."

"ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಕುರ್ಚಿನೇ ಎತ್ತಿ ಎಸೀತಿದ್ದೆ," ಎಂದ ಅವನು ಮೆಲ್ಲಗೆ.

* * *

ಪರೀಕ್ಷೆ ಮುಗಿಯಿತು. ಸಭೆಯ ದಿನ ಉದ್ದನೆಯ ಮೇಜಿನ ಒಂದು ಬದಿಗೆ ಕಾರ್ಖಾನೆಯ ವ್ಯವಸ್ಥಾಪಕರು ಮತ್ತು ಅವನು, ನಡುವೆ ಶಾಲೆಗಳ ಅಧಿಕಾರಿ, ಇನ್ನೊಂದು ಬದಿಗೆ ನಿರ್ದೇಶಕರು. ಮೂಲೆಯ ಕುರ್ಚಿಯಲ್ಲಿ ಅವಳು. ಬೇಸಿಗೆ ಶಿಬಿರ ಮುಗಿದು ಶಾಲೆ ಇನ್ನೂ ಶುರುವಾಗದ್ದರಿಂದ ಗುಬ್ಬಿ ಹೊರಗಿನ ಬೆಂಚಿನ ಮೇಲೆ, ಅಕ್ಕನ ಜೊತೆ.

ವ್ಯವಸ್ಥಾಪಕರು ಕೈಗಡಿಯಾರ ನೋಡಿದರು. "ಕ್ಷಮಾಪಣೆ ತಂದಿದೀರಲ್ಲಮ್ಮ? ಮಗುವಿರೋರು ಬೇಗ ಮನೆಗೆ ಹೋಗ್ಬೇಕು, ನಮಗೆ ಅರ್ಥ ಆಗುತ್ತೆ."

ಅವಳು ಎದ್ದು ನಿಂತಳು.

"ಹೌದು, ನನಗೆ ಮಗು ಇದೆ. ಅದಕ್ಕೇ ನಾನು ಎಣಿಸಿದ್ದನ್ನ ಮೂರು ಸಲ ಎಣಿಸ್ತೀನಿ." ಸೂಕ್ಷ್ಮದರ್ಶಕದ ಮೂರು ಚಿತ್ರಗಳನ್ನು ಮೇಜಿನ ಮೇಲಿಟ್ಟಳು. "ಒಂದೇ ಬಾಟಲಿ, ಒಂದೇ ದಿನ, ಒಂದೇ ಕೈ. ಇದು ನಿಮ್ಮ ನಳಿಕೆ, ಬೆಳ್ಳಗಿದೆ. ಇದು ಗಾಜು, ನೀಲಿಯಾಗಿದೆ. ಪಕ್ಕದಲ್ಲಿ, ಬಾಟಲಿ ಚೂರೇ ಹಾಕದ ಬರೀ ಗಾಜು ನೋಡಿ. ಬೆಳ್ಳಗಿದೆ! ಸಾಬೂನು ಎಲ್ಲಿದೆ ತೋರಿಸಿ?"

"ಇದು ಬರೀ ಇಲಿ ಕೋಶ..."

"ಇಲಿ ಕೋಶವೇ. ಇಷ್ಟಕ್ಕೇ ಮಕ್ಕಳಿಗೆ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ. ಆದರೆ ಸುರಕ್ಷಿತ ಅಂತ ಹೇಳೋಕೂ ಆಗಲ್ಲ. ಗೊತ್ತಾಗೋ ತನಕ ಒಂದು ಮಗುವಿನ ಬಾಯಿಗೂ ಇದು ಹೋಗಬಾರದು. ನನ್ನನ್ನ ಏನು ಬೇಕಾದ್ರೂ ಅನ್ನಿ. ನನ್ನ ಮಗಳನ್ನ ನಿಮ್ಮ ಬಾಟಲಿಗೆ ಮುಚ್ಚಳ ಮಾಡ್ಬೇಡಿ!"

ಅಧಿಕಾರಿ ಚಿತ್ರಗಳನ್ನು ತಮ್ಮ ಕಡೆಗೆ ಎಳೆದುಕೊಂಡರು.

ವ್ಯವಸ್ಥಾಪಕರು ಅವನ ಕಡೆ ತಿರುಗಿದರು. "ಏನ್ರೀ, ನಮ್ಮ ವಿಧಾನ ಸರಿ ಅಂತ ನೀವೇ ಹೇಳಿ ಇವರಿಗೆ."

ಅವನು ಎದ್ದ. "ವಿಧಾನ ತಪ್ಪು, ಸಾರ್. ಬರೆದೋನು ನಾನೇ, ಹೇಳ್ತಿರೋನೂ ನಾನೇ. ನನ್ನ ಟಿಪ್ಪಣಿ ಪೂರ್ತಿ ಇಲ್ಲಿದೆ. ನೀವು ಕತ್ತರಿಸಿದ ಭಾಗವನ್ನೂ ಸೇರಿಸಿ."

ಪುಸ್ತಕ ಅಧಿಕಾರಿಯ ಕೈಗೆ ಹೋಯಿತು. ಅವರು ಓದಿದರು. ಚಿತ್ರಗಳನ್ನು ಮತ್ತೆ ನೋಡಿದರು. "ಬಾಟಲಿ ಹಂಚೋದು ನಿಲ್ಲಿಸಿ," ಎಂದರು. ನಂತರ ಪತ್ರದ ಆ ಸಾಲಿನ ಮೇಲೆ ಬೆರಳಿಟ್ಟು, "ಇದಕ್ಕೆ ಕ್ಷಮಾಪಣೆ ಬರೀಬೇಕಾದೋರು ಯಾರು ಅಂತ ನಾನು ಹೇಳ್ಬೇಕಾಗಿಲ್ಲ."

ಅಲ್ಲಿಯವರೆಗೆ ತೆಪ್ಪಗಿದ್ದ ನಿರ್ದೇಶಕರು ಗಂಟಲು ಸರಿಮಾಡಿಕೊಂಡು, "ನಾನು ಮೊದಲಿಂದಲೂ ಅದನ್ನೇ ಹೇಳ್ತಿದ್ದೆ," ಎಂದರು. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟಿದ್ದ ಅಕ್ಕ ಜೋರಾಗಿ ಕೆಮ್ಮಿದಳು.

* * *

ಹೊರಗೆ ಹಜಾರದಲ್ಲಿ ಮಧ್ಯಾಹ್ನದ ಬಿಸಿಲು ಬೆಂಚಿನ ಮೇಲೆ ಬಿದ್ದಿತ್ತು. ಅವನು ಅವಳ ಹಿಂದೆಯೇ ಬಂದ.

"ನಿಮ್ಮ ಕೆಲಸ...?" ಎಂದಳು ಅವಳು.

"ಹೋಯ್ತು ಅನ್ಸುತ್ತೆ. ವ್ಯವಸ್ಥಾಪಕರು ನೋಡಿದ ನೋಟಕ್ಕೆ ನಾನೇ ಅರ್ಧ ನೀಲಿಯಾದೆ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

"ನನಗೋಸ್ಕರ ಹಾಗೆ ಮಾಡ್ಬಾರದಿತ್ತು."

"ಮಕ್ಕಳಿಗೋಸ್ಕರ ಮಾಡ್ದೆ." ಅವಳ ಕಡೆ ತಿರುಗಿ ಹೇಳಿದ, "ನಿಮಗೋಸ್ಕರ ಮಾಡಿದ್ದು ಬೇರೆ ಇದೆ. ಟಿಪ್ಪಣಿ ಬರೆಯೋ ನೆಪದಲ್ಲಿ ಹತ್ತು ದಿನ ನಿಮ್ಮನ್ನೇ ನೋಡಿದೀನಿ. ಮೊದಲ ದಿನ ನೀವು 'ಹೊರಗೆ' ಅಂದಾಗಲೇ... ಯಾವತ್ತಾದ್ರೂ ಇವರು 'ಒಳಗೆ ಬನ್ನಿ' ಅಂದ್ರೆ ಹೇಗಿರುತ್ತೆ ಅಂತ ಅನ್ನಿಸ್ತು. ನನಗೆ ನೀವು ಬಹಳ ಇಷ್ಟ. ಉತ್ತರ ಈಗಲೇ ಬೇಡ."

ಬಿಟ್ಟು ಹೋದವನ ನೆನಪು, ಮುಚ್ಚಿಕೊಂಡ ಬಾಗಿಲು, ಕಿವಿಯಲ್ಲಿ ಉಳಿದ ಪಿಸುಮಾತುಗಳು... ಎಲ್ಲ ಒಮ್ಮೆಲೇ ನುಗ್ಗಿ ಬಂದವು.

"ನನಗೆ ಭಯ ಇದೆ," ಎಂದಳು ಕೊನೆಗೆ. "ನನಗಿಂತ ಹೆಚ್ಚಾಗಿ ಅವಳ ಬಗ್ಗೆ. ಬಂದು ಹೋಗೋರನ್ನ ಅವಳು ಇನ್ನೊಂದು ಸಲ ನೋಡಬಾರದು."

"ನಿಮ್ಮ ಭಯ ಇಳಿಯೋ ತನಕ ಬಾಗಿಲಾಚೆಯೇ ನಿಂತಿರ್ತೀನಿ. ಅಭ್ಯಾಸ ಆಗಿದೆ."

ಅವಳು ಅವನ ಕೈ ಹಿಡಿದಳು.

ಅಷ್ಟರಲ್ಲಿ ಯಾರೋ ಅವಳ ಸೆರಗು ಎಳೆದರು. ಗುಬ್ಬಿ! ಅಮ್ಮ ಎಂದಿನಂತೆ ಬಗ್ಗಿ ಕಿವಿ ಕೊಟ್ಟಳು.

ಗುಬ್ಬಿ ಕಿವಿಯ ತನಕ ಬಾಯಿ ತಂದಳು. ನಿಂತಳು. ತಲೆ ಅಲ್ಲಾಡಿಸಿದಳು. "ನೀನು ಅವರನ್ನ ಕೇಳಲ್ಲ. ಆವತ್ತೂ ಕೇಳಲಿಲ್ಲ," ಎಂದಳು.

ಆಮೇಲೆ ಪುಟ್ಟ ಹೆಜ್ಜೆ ಇಟ್ಟು ಅವನ ಮುಂದೆ ಹೋದಳು. ಅವನು ಮೊಣಕಾಲೂರಿ ಕೂತ. ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತುಬಿಟ್ಟಳು.

ಗುಬ್ಬಿ ಉಸಿರೆಳೆದುಕೊಂಡು, ಇಡೀ ಹಜಾರಕ್ಕೆ ಕೇಳುವಂತೆ ಗಟ್ಟಿಯಾಗಿ ಕೇಳಿದಳು:

"ನಮ್ಮನೆ ಚಪ್ಪಲಿ ಗೂಡಲ್ಲಿ ಒಂದು ಖಾನೆ ಅಮ್ಮಂದು, ಒಂದು ನಂದು. ಇನ್ನೊಂದು ಖಾಲಿ ಇದೆ. ನಿಮ್ಮ ಶೂ ದಿನಾ ಅಲ್ಲೇ ಇಡ್ತೀರಾ?"